ಮುಚ್ಚಿದ ಕಾರ್ಡು ರಿಪೋರ್ಟಿನಲ್ಲಿ ‘ರಿಟನ್ ಆಫ್’ ಅಂತ ಕೂತಿದೆ. ಕಟ್ಟಿಬಿಡಲಾ, ಜಗಳ ಆಡಲಾ?

ಮೂವತ್ತು_ನಲವತ್ತು (ಕುವೆಂಪುನಗರ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಕ್ಷಮಿಸಿ.

ಬೋಗಾದಿ ಕಡೆ ಒಂದು 30-40 ಸೈಟಿಗೆ ಅಡ್ವಾನ್ಸ್ ಕೊಟ್ಟಿದ್ದೇನೆ. ಮೂರು ತಿಂಗಳಲ್ಲಿ ರಿಜಿಸ್ಟ್ರೇಷನ್ ಮಾಡಿಸಿಕೊಳ್ಳಬೇಕು ಅಂತ ಅಗ್ರಿಮೆಂಟು. ಸಂಬಳ ಬರುವ ಬ್ಯಾಂಕಿನಲ್ಲೇ ಲೋನಿಗೆ ಹಾಕಿದೆ. ಹದಿನೈದು ದಿನ ಓಡಾಡಿದ ಮೇಲೆ ನಿನ್ನೆ ಮ್ಯಾನೇಜರ್ ಕರೆದು, ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ, "ಇದೇನು ಸಾರ್?" ಅಂದರು. ನೋಡಿದರೆ ನನ್ನ ಕ್ರೆಡಿಟ್ ರಿಪೋರ್ಟು, ಅಂದರೆ ಸಾಲದ ಚರಿತ್ರೆ. ಅದರಲ್ಲಿ ಯಾವುದೋ ಕಾಲದ ಕ್ರೆಡಿಟ್ ಕಾರ್ಡು. ಪಕ್ಕದಲ್ಲಿ ‘ರಿಟನ್ ಆಫ್’, ಅಂದರೆ ವಸೂಲಾಗದ ಸಾಲ ಅಂತ ಬ್ಯಾಂಕು ಬರೆದು ಹಾಕಿದೆ. ಬಾಕಿ 4,318 ರೂಪಾಯಿ. ಸಾಲ ಕೊಡಬಹುದಾ ಅಂತ ಬ್ಯಾಂಕಿನವರು ನೋಡುವ ಸ್ಕೋರು 641.

ಆ ಕಾರ್ಡು ನಾನು 2016ರಲ್ಲಿ ತಗೊಂಡಿದ್ದು. ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ನಮ್ಮ ಕಂಪನಿ ಕ್ಯಾಂಟೀನ್ ಮುಂದೆ ಟೇಬಲ್ ಹಾಕಿಕೊಂಡು ಒಬ್ಬ ಹುಡುಗ ಕೂತಿದ್ದ, ಟ್ರಾವೆಲ್ ಬ್ಯಾಗ್ ಫ್ರೀ ಅಂದ. ಬ್ಯಾಗಿನ ಜಿಪ್ ಒಂದೇ ತಿಂಗಳಿಗೆ ಹೋಯಿತು. 2019ರ ಮಾರ್ಚ್‌ನಲ್ಲಿ ಕಸ್ಟಮರ್ ಕೇರಿಗೆ ಫೋನ್ ಮಾಡಿ ಕ್ಲೋಸ್ ಮಾಡಿಸಿದೆ, ಕೊನೆಯ ಬಿಲ್ಲು 1,146 ರೂಪಾಯಿ ಕಟ್ಟಿದೆ, ಕಾರ್ಡನ್ನು ಕತ್ತರಿಯಲ್ಲಿ ನಾಲ್ಕು ತುಂಡು ಮಾಡಿ ಬಿಸಾಕಿದೆ. ಆಮೇಲೆ ನಂಬರೂ ಬದಲಾಯಿತು, ಮನೆಯೂ ಬದಲಾಯಿತು. ಈಗ ವಿಚಾರಿಸಿದರೆ ಅವರು ಕ್ಲೋಸೇ ಮಾಡಿರಲಿಲ್ಲವಂತೆ. ವರ್ಷದ ಫೀಸು ಹಾಕಿದ್ದಾರೆ, ಅದಕ್ಕೆ ಲೇಟ್ ಫೀಸು, ಅದಕ್ಕೆ ಬಡ್ಡಿ, ಬಡ್ಡಿಗೆ ಜಿಎಸ್‌ಟಿ.

ಇವತ್ತು ಬೆಳಗ್ಗೆ ರಿಕವರಿಯವನ ಫೋನು. "ಸಂಜೆ ಒಳಗೆ 2,500 ಹಾಕಿ ಸಾರ್, ನಾನು ಕ್ಲೋಸ್ ಮಾಡಿಸಿಕೊಡ್ತೀನಿ" ಅಂದ. ಮನೆಯಲ್ಲಿ "ಕಟ್ಟಿ ಕೈ ತೊಳ್ಕೊಳ್ಳಿ" ಅಂತಾರೆ. ನನಗೆ ಹೊಟ್ಟೆ ಉರಿ. ಇಟ್ಟುಕೊಳ್ಳದ ಬಾಕಿ ಯಾಕೆ ಕಟ್ಟಬೇಕು? ಅನುಭವ ಇರೋರು ಹೇಳಿ.

ಹಿನಕಲ್_ಹುಡುಗ

ನಾಲ್ಕು ಸಾವಿರಕ್ಕೆ ಇಷ್ಟು ಉದ್ದ ಪೋಸ್ಟಾ ಗುರು? ಕಟ್ಟಿ ಬಿಸಾಕಿ. ನೀವು ಪತ್ರ ಬರೆಯುತ್ತಾ ಕೂತರೆ ಸೈಟಿನವನು ಬೇರೆ ಪಾರ್ಟಿ ನೋಡುತ್ತಾನೆ.

ಮಲ್ಲಿಗೆ_ಮೊಳ

ಅಯ್ಯೋ, 2,500 ಮಾತ್ರ ಕಟ್ಟಬೇಡಿ! ಬಾಕಿಗಿಂತ ಕಡಿಮೆ ಕಟ್ಟಿದರೆ ರಿಪೋರ್ಟಿನಲ್ಲಿ ‘ಕ್ಲೋಸ್ಡ್’ ಅಂತ ಬರಲ್ಲ, ‘ಸೆಟಲ್ಡ್’ ಅಂತ ಬರುತ್ತದೆ. ಬ್ಯಾಂಕಿನವರ ಕಣ್ಣಿಗೆ ಅದು "ಪೂರ್ತಿ ಕೊಡಲಿಲ್ಲ, ಇದ್ದಷ್ಟು ವಸೂಲಿ ಮಾಡಿಕೊಂಡೆವು" ಅಂತ. ನನ್ನ ತಮ್ಮ ಲಾಕ್‌ಡೌನ್ ಟೈಮಿನಲ್ಲಿ ಬೈಕ್ ಲೋನನ್ನು ಹೀಗೇ ಏಜೆಂಟ್ ಮಾತು ಕೇಳಿ ಮುಗಿಸಿದ. ಆಮೇಲೆ ಕಾರ್ ಲೋನಿಗೆ ಹೋದಾಗ ಮೂರು ಕಡೆ ಅದೇ ಒಂದು ಪದಕ್ಕೆ ವಾಪಸ್ ಕಳಿಸಿದರು. ಕಟ್ಟುವುದಾದರೆ ಪೂರ್ತಿ ಕಟ್ಟಿ ಎನ್‌ಒಸಿ (ಬಾಕಿ ಏನೂ ಇಲ್ಲ ಅನ್ನುವ ಪತ್ರ) ತಗೊಳ್ಳಿ, ಇಲ್ಲ ಅಂದರೆ ಒಂದು ಪೈಸೆಯೂ ಬೇಡ.

ಹಿನಕಲ್_ಹುಡುಗ

ಸರಿ, ಪೂರ್ತಿ ಕಟ್ಟಲಿ ಬಿಡಿ. 4,318 ಏನು ಮಹಾ.

ಮೂವತ್ತು_ನಲವತ್ತು

ಪೂರ್ತಿ ಕಟ್ಟಿದರೂ ತಡವಾಗಿ ಕಟ್ಟಿದ ಅಂತ ತಿಂಗಳು ತಿಂಗಳಿನ ದಾಖಲೆ ಉಳಿಯುತ್ತದಂತೆ, ಮ್ಯಾನೇಜರೇ ಹೇಳಿದರು. ಅದೇ ತಲೆನೋವು.

ನಿವೃತ್ತ_ಕ್ಯಾಷಿಯರ್ (ಸರಸ್ವತಿಪುರಂ)

ತಮ್ಮ, ಆತುರ ಬೇಡ. ಮೂವತ್ತೆರಡು ವರ್ಷ ಬ್ಯಾಂಕಿನಲ್ಲಿ ಇದ್ದವನು ಹೇಳುತ್ತಿದ್ದೇನೆ.

ಮೊದಲನೆಯದು, ಎಲ್ಲರೂ ‘ಸಿಬಿಲ್’ ಅಂತೀವಿ, ಆದರೆ ಹೀಗೆ ಜನರ ಸಾಲದ ದಾಖಲೆ ಇಡುವ ಕಂಪನಿಗಳು ನಾಲ್ಕು. ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. ಇಂಥ ಕಂಪನಿಗಳಿಗೆಂದೇ ಇರುವ 2005ರ ಕಾಯ್ದೆ ಪ್ರಕಾರ ನಡೆಯುತ್ತವೆ, ರಿಸರ್ವ್ ಬ್ಯಾಂಕಿನ ಲೈಸೆನ್ಸು ಇರುತ್ತದೆ. ಒಂದರಲ್ಲಿ ತಪ್ಪಿದ್ದರೆ ಉಳಿದವುಗಳಲ್ಲೂ ಇರಬಹುದು. ವರ್ಷಕ್ಕೆ ಒಂದು ಸಲ ಪೂರ್ತಿ ರಿಪೋರ್ಟನ್ನು ಸ್ಕೋರಿನ ಸಮೇತ ಪ್ರತಿ ಕಂಪನಿಯೂ ಪುಕ್ಕಟೆ ಕೊಡಬೇಕು, 2017ರಿಂದ ಹಾಗಿದೆ. ನಾಲ್ಕನ್ನೂ ಇಳಿಸಿಕೊಳ್ಳಿ. ನಿಮ್ಮದನ್ನು ನೀವೇ ನೋಡಿದರೆ ಸ್ಕೋರು ಇಳಿಯಲ್ಲ, ಆ ಭಯ ಬೇಡ.

ಎರಡನೆಯದು, ಆ ಕಂಪನಿಗಳು ತಾವಾಗಿ ಏನೂ ಬರೆಯಲ್ಲ, ಏನೂ ಅಳಿಸಲ್ಲ. ಬ್ಯಾಂಕು ಕಳಿಸಿದ್ದನ್ನು ಇಟ್ಟುಕೊಳ್ಳುತ್ತವೆ. ನೀವು ತಕರಾರು ಹಾಕಿದರೆ ಅದನ್ನು ಬ್ಯಾಂಕಿಗೆ ಕಳಿಸಿ "ಇದು ನಿಜವಾ?" ಅಂತ ಕೇಳುತ್ತವೆ. ಹಾಗಾಗಿ ಎರಡೂ ಕಡೆ ಒಂದೇ ದಿನ ದೂರು ಹಾಕಿ. ಫೋನಿನಲ್ಲಿ ಅಲ್ಲ, ಬರಹದಲ್ಲಿ.

ಇನ್ನು ದಿನದ ಲೆಕ್ಕ. ದೂರು ಕೊಟ್ಟ 30 ದಿನದಲ್ಲಿ ಇತ್ಯರ್ಥ ಆಗಬೇಕು. ಅದರಲ್ಲಿ ಬ್ಯಾಂಕಿಗೆ ಸಿಗುವುದು 21 ದಿನ. ಮೀರಿದರೆ ದಿನಕ್ಕೆ 100 ರೂಪಾಯಿ ನಿಮಗೆ ಕೊಡಬೇಕು. ತಡ ಯಾರದ್ದೋ ಅವರು ಕೊಡಬೇಕು, ಬ್ಯಾಂಕಾದರೆ ಬ್ಯಾಂಕು, ಕಂಪನಿಯಾದರೆ ಕಂಪನಿ. 2024ರ ಏಪ್ರಿಲ್ 26ರಿಂದ ಇದು ಜಾರಿಯಲ್ಲಿದೆ. ದೂರಿನಲ್ಲೇ ನಿಮ್ಮ ಅಕೌಂಟ್ ನಂಬರೋ ಯುಪಿಐ ಐಡಿಯೋ ಬರೆದುಬಿಡಿ.

ಕಬ್ಬಿನ_ಜಲ್ಲೆ (ಮಂಡ್ಯ)

ಕಾಗದದ ಮೇಲೆ ಎಲ್ಲಾ ಚೆನ್ನಾಗಿರುತ್ತದೆ ಸಾರ್. ನಂದು ಕೇಳಿ.

ನನ್ನ ರಿಪೋರ್ಟಿನಲ್ಲಿ ಎರಡು ಕೆಂಪು ಗುರುತು. ಒಂದು ಚಿಕ್ಕಪ್ಪನ ಮಗನ ಟ್ರ್ಯಾಕ್ಟರ್ ಲೋನು, ನಾನು ಜಾಮೀನು ಹಾಕಿದ್ದು. ಅವನು ಆರು ಕಂತು ಕಟ್ಟಿಲ್ಲ, ನನ್ನ ಸ್ಕೋರು ಬಿತ್ತು. ಇನ್ನೊಂದು ಯಾವುದೋ ಊರಿನ ಒಡವೆ ಸಾಲ. ಆ ಊರಿಗೆ ನಾನು ಹೋಗೇ ಇಲ್ಲ. ವಿಚಾರಿಸಿದರೆ ನನ್ನ ಹೆಸರಿನವನೇ ಇನ್ನೊಬ್ಬ. ಅಪ್ಪನ ಹೆಸರೂ ಒಂದೇ, ಹುಟ್ಟಿದ ದಿನವೂ ಒಂದೇ. ಹೆಂಗೆ ಅಂತೀರಾ? ಇಬ್ಬರಿಗೂ ಮೇಷ್ಟ್ರು ಸ್ಕೂಲಿಗೆ ಸೇರಿಸುವಾಗ ಜೂನ್ 1 ಅಂತ ಬರೆದಿದ್ದಾರೆ!

ಮಂಡ್ಯ ಬಸ್ ಸ್ಟ್ಯಾಂಡಿನಲ್ಲಿ ನಿಂತು ನನ್ನ ಹೆಸರು ಕೂಗಿದರೆ ಹತ್ತು ಜನ ತಿರುಗಿ ನೋಡುತ್ತಾರೆ, ಅವರಲ್ಲಿ ಅರ್ಧ ಜನ ಜೂನ್ 1ಕ್ಕೆ ಹುಟ್ಟಿದವರು.

ಬಿಸಿ_ಬಿಸಿ_ವಡೆ (ಮದ್ದೂರು)

ನಮ್ಮ ಮನೆಯಲ್ಲಿ ಜೂನ್ 1ಕ್ಕೆ ನಾಲ್ಕು ಬರ್ತ್‌ಡೇ. ಅಪ್ಪ, ಇಬ್ಬರು ದೊಡ್ಡಪ್ಪಂದಿರು, ಸೋದರತ್ತೆ. ಒಂದೇ ಕೇಕು.

ಪಾಂಡವಪುರ_ಪ್ಯಾಸೆಂಜರ್

ನಗಬೇಡಿ, ಇದು ನಿಜವಾಗಲೂ ದೊಡ್ಡ ಸಮಸ್ಯೆ. ನಮ್ಮ ಕಡೆ ಹೆಸರಿಗೆ ಸರ್‌ನೇಮ್ ಅಂತ ಇರಲ್ಲ. ಊರಿನ ಒಂದಕ್ಷರ, ಅಪ್ಪನ ಒಂದಕ್ಷರ, ಆಮೇಲೆ ಹೆಸರು. ಪ್ಯಾನ್ ಕಾರ್ಡಿಗೆ ಇನಿಷಿಯಲ್ ಬಿಡಿಸಿ ಬರೆಯಬೇಕು, ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ ಹೋಗಿರುತ್ತದೆ, ಸೊಸೈಟಿ ಪಾಸ್‌ಬುಕ್ಕಿನಲ್ಲಿ ‘ಬಿನ್’ ಅಂತ ಹಾಕಿ ಅಪ್ಪನ ಪೂರ್ತಿ ಹೆಸರು ಇರುತ್ತದೆ. ಒಬ್ಬನೇ ಮನುಷ್ಯ ಮೂರು ಹೆಸರು. ಯಾವುದು ಯಾರದ್ದು ಅಂತ ಯಂತ್ರಕ್ಕೆ ಹೇಗೆ ಗೊತ್ತಾಗಬೇಕು?

ನಿವೃತ್ತ_ಕ್ಯಾಷಿಯರ್

ಕಬ್ಬಿನ ಜಲ್ಲೆಯವರೇ, ನಿಮ್ಮ ಎರಡನ್ನೂ ಬೇರೆ ಬೇರೆ ನೋಡಬೇಕು. ಒಡವೆ ಸಾಲ ನಿಮ್ಮದಲ್ಲ, ಅದಕ್ಕೆ "ಈ ಖಾತೆ ನನ್ನದಲ್ಲ" ಅಂತ ತಕರಾರು ಹಾಕಬಹುದು. ಪ್ಯಾನ್ ನಂಬರು, ವಿಳಾಸ ತಾಳೆ ಆಗಲ್ಲ ಅಂತ ತೋರಿಸಿ. ಟ್ರ್ಯಾಕ್ಟರ್ ವಿಷಯದಲ್ಲಿ ತಕರಾರು ನಿಲ್ಲಲ್ಲ. ಜಾಮೀನುದಾರನ ಹೊಣೆ ಸಾಲಗಾರನಷ್ಟೇ ಅಂತ ಕರಾರು ಕಾಯ್ದೆಯ 128ನೇ ಸೆಕ್ಷನ್ನಿನಲ್ಲೇ ಇದೆ. ನಿಜವಾದ ಮಾಹಿತಿ ಎಷ್ಟು ಕಹಿಯಾದರೂ ಅಳಿಸಲು ಬರಲ್ಲ.

ಕಬ್ಬಿನ_ಜಲ್ಲೆ

ಅವನು ಕಬ್ಬಿನ ದುಡ್ಡು ಬಂದ ತಕ್ಷಣ ಕಟ್ಟುತ್ತೇನೆ ಅಂತಾನೆ. ನೀವು ಹೇಳಿದ ಹಾಗೆ ಒಡವೆದಕ್ಕೆ ಮಾತ್ರ ತಕರಾರು ಹಾಕುತ್ತೇನೆ. ಟ್ರ್ಯಾಕ್ಟರ್ ವಿಷಯ ಯುಗಾದಿಗೆ ಮನೆಗೆ ಬರುತ್ತಾನಲ್ಲ, ಅವಾಗ ಮಾತಾಡುತ್ತೇನೆ.

ರಸಬಾಳೆ_ಗೊನೆ (ನಂಜನಗೂಡು)

ಮಧ್ಯೆ ಒಂದು ಡೌಟು. 6,000 ಕೊಟ್ಟರೆ 15 ದಿನದಲ್ಲಿ ಸಿಬಿಲ್ ಕ್ಲೀನ್ ಮಾಡಿಕೊಡುತ್ತೇವೆ ಅಂತ ವಾಟ್ಸಾಪಿನಲ್ಲಿ ಒಬ್ಬರು ಮೆಸೇಜ್ ಹಾಕಿದ್ದಾರೆ. 750 ದಾಟಿಸುವ ಗ್ಯಾರಂಟಿ ಅಂತೆ. ಆಧಾರ್, ಪ್ಯಾನ್, ಒಟಿಪಿ ಕೇಳುತ್ತಿದ್ದಾರೆ. ಯಾರಾದರೂ ಮಾಡಿಸಿದ್ದೀರಾ?

ಮಲ್ಲಿಗೆ_ಮೊಳ

ಒಟಿಪಿ ಕೊಟ್ಟರೆ ಇರುವ ಸಾಲದ ಜೊತೆ ಇನ್ನೊಂದು ಸಾಲ ಬರುತ್ತದೆ. ಅವರು ಮಾಡುವುದೂ ನೀವು ಪುಕ್ಕಟೆ ತುಂಬಬಹುದಾದ ಅದೇ ತಕರಾರು ಫಾರಂ.

ಹಿನಕಲ್_ಹುಡುಗ

6,000 ಕೊಡುವ ಬದಲು ಸಾಲಕ್ಕೇ ಕಟ್ಟಬಹುದಲ್ವಾ 😄

ಸುಮ್ನೆ_ಓದೋನು

ಮೊದಲ ಸಲ ಬರೆಯುತ್ತಿದ್ದೇನೆ. ಕಾರ್ಡ್ ಕ್ಲೋಸ್ ಮಾಡಿ ಅಂತ ಹೇಳಿ ಏಳು ವರ್ಕಿಂಗ್ ಡೇಸ್ ಒಳಗೆ ಮಾಡದಿದ್ದರೆ ದಿನಕ್ಕೆ 500 ರೂಪಾಯಿ ದಂಡ ಅಂತ ರಿಸರ್ವ್ ಬ್ಯಾಂಕ್ ರೂಲ್ ಇದೆ. ಮೂವತ್ತು ನಲವತ್ತು ಅವರೇ, 2019ರಿಂದ ಲೆಕ್ಕ ಹಾಕಿದರೆ ನಿಮಗೆ ಹತ್ತು ಲಕ್ಷದ ಮೇಲೆ ಬರಬೇಕು! ಸೈಟಿಗೆ ಲೋನೇ ಬೇಡ!

ನಿವೃತ್ತ_ಕ್ಯಾಷಿಯರ್

ಆ ನಿಯಮ ಬಂದದ್ದು 2022ರ ಜುಲೈ 1ಕ್ಕೆ. ಇವರು ಕೇಳಿಕೊಂಡಿದ್ದು 2019ರಲ್ಲಿ. ಬಾಕಿ ಇರಬಾರದು ಅನ್ನುವ ಷರತ್ತೂ ಇದೆ, ಬ್ಯಾಂಕು ಬಾಕಿ ಇದೆ ಅನ್ನುತ್ತಿದೆ. ದೂರಿನಲ್ಲಿ ಅದನ್ನು ಎತ್ತಿದರೆ ಇರುವ ಗಟ್ಟಿ ವಿಷಯವೂ ಸಡಿಲ ಆಗುತ್ತದೆ.

ಸುಮ್ನೆ_ಓದೋನು

ಹತ್ತು ಲಕ್ಷ ಹೋಯಿತು. ವಾಪಸ್ ಸುಮ್ನೆ ಓದುತ್ತೇನೆ.

ಮೂವತ್ತು_ನಲವತ್ತು

ಸಿಕ್ಕಿತು! ಸಿಕ್ಕಿತು!

ಭಾನುವಾರ ಇಡೀ ದಿನ ಹುಡುಕಿದೆ. ಹಳೇ ಮೇಲ್ ಐಡಿಯ ಪಾಸ್‌ವರ್ಡ್ ಮರೆತಿತ್ತು. ಅದನ್ನು ತೆರೆಯುವುದಕ್ಕೆ ಹಳೇ ನಂಬರಿಗೆ ಒಟಿಪಿ ಹೋಗಬೇಕು, ಆ ನಂಬರ್ ಈಗ ಇಲ್ಲ. ಕೊನೆಗೆ ಹಳೇ ಲ್ಯಾಪ್‌ಟಾಪನ್ನು ಅಟ್ಟದಿಂದ ಇಳಿಸಿ ಚಾರ್ಜಿಗೆ ಹಾಕಿದರೆ ಅದರಲ್ಲಿ ಮೇಲ್ ಇನ್ನೂ ಲಾಗಿನ್ ಆಗಿಯೇ ಇತ್ತು. 2019ರ ಮಾರ್ಚಿನ ಮೆಸೇಜು, ಕಾರ್ಡು ಮುಚ್ಚುವ ಕೋರಿಕೆ ಸ್ವೀಕರಿಸಿದ್ದೇವೆ ಅಂತ, ರೆಫರೆನ್ಸ್ ನಂಬರ್ ಸಮೇತ. 1,146 ಕಟ್ಟಿದ್ದು ಪಾಸ್‌ಬುಕ್ಕಿನಲ್ಲಿ ಇದೆ. ಆ ಪಾಸ್‌ಬುಕ್ಕು ಅಮ್ಮನ ಬಿಸ್ಕತ್ತಿನ ಡಬ್ಬದಲ್ಲಿ, ರೇಷನ್ ಕಾರ್ಡಿನ ಕೆಳಗೆ, ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದರು. "ಯಾವುದನ್ನೂ ಬಿಸಾಕಬೇಡ ಅಂದರೆ ಬೈತಿದ್ದೆಯಲ್ಲ" ಅಂತ ಈಗ ಬೆಳಗ್ಗೆಯಿಂದ ನನಗೆ ಪಾಠ.

ನಾಲ್ಕೂ ರಿಪೋರ್ಟ್ ಇಳಿಸಿದೆ. ಮೂರರಲ್ಲಿ ಈ ಕಾರ್ಡು ಇದೆ, ಒಂದರಲ್ಲಿ ಇಲ್ಲವೇ ಇಲ್ಲ. ತಿಂಗಳಿಗೊಂದು ಅಂತ ಚಿಕ್ಕ ಚಿಕ್ಕ ಚೌಕ ಇರುತ್ತದಲ್ಲ, ಕ್ಯಾಲೆಂಡರ್ ಥರ, ಎಷ್ಟು ದಿನ ತಡ ಅಂತ. ಅದರಲ್ಲಿ ನಾನು ಕಾರ್ಡು ಮುಟ್ಟಿದ ಕಾಲದಲ್ಲೆಲ್ಲ 000, 000. ಮುಚ್ಚಿದ ಮುಂದಿನ ವರ್ಷದಿಂದ 30, 60, 90 ಅಂತ ಏರುತ್ತಾ ಹೋಗಿದೆ. ಇಲ್ಲದ ಕಾರ್ಡಿಗೆ ಸಾಲಗಾರ ಆಗಿದ್ದೇನೆ.

ಮಲ್ಲಿಗೆ_ಮೊಳ

ಸೂಪರ್. ದೂರಿನಲ್ಲಿ ಕಥೆ ಬರೆಯಬೇಡಿ, ಟ್ರಾವೆಲ್ ಬ್ಯಾಗ್ ವಿಷಯ ಬೇಡವೇ ಬೇಡ. ಆರೇಳು ಸಾಲು ಸಾಕು. ಮುಚ್ಚಲು ಕೇಳಿದ ತಾರೀಕು, ರೆಫರೆನ್ಸ್ ನಂಬರು, ಕೊನೆಯ ಪಾವತಿ. ಆಮೇಲೆ ಏನಾಗಬೇಕು ಅನ್ನುವುದನ್ನು ಮೂರು ಸಾಲಿನಲ್ಲಿ ಬೇರೆ ಬೇರೆ ಬರೆಯಿರಿ: ‘ರಿಟನ್ ಆಫ್’ ತೆಗೆದು ‘ಕ್ಲೋಸ್ಡ್’ ಆಗಬೇಕು, ಬಾಕಿ ಸೊನ್ನೆ ಆಗಬೇಕು, 2019ರ ಮಾರ್ಚ್ ನಂತರದ ತಡದ ದಿನಗಳೆಲ್ಲ ಹೋಗಬೇಕು. ಮೂರನ್ನೂ ಬಿಡಿಸಿ ಕೇಳದಿದ್ದರೆ ಮೊದಲನೆಯದು ಮಾತ್ರ ಮಾಡಿ ಫೈಲ್ ಮುಚ್ಚುತ್ತಾರೆ. ರಿಪೋರ್ಟಿನ ಮೇಲಿರುವ ಕಂಟ್ರೋಲ್ ನಂಬರ್ ಹಾಕುವುದು ಮರೆಯಬೇಡಿ.

ಇನ್ನೊಂದು, ಈ ಗಲಾಟೆ ಮುಗಿಯುವ ತನಕ ಬೇರೆ ನಾಲ್ಕು ಬ್ಯಾಂಕಿಗೆ ಅರ್ಜಿ ಹಾಕಿಕೊಂಡು ಓಡಬೇಡಿ. ಪ್ರತಿ ಅರ್ಜಿಗೂ ಒಂದು ಎನ್‌ಕ್ವೈರಿ ಬೀಳುತ್ತದೆ, ಅದೂ ಕಾಣುತ್ತದೆ.

ಪಾಂಡವಪುರ_ಪ್ಯಾಸೆಂಜರ್

ನಮ್ಮ ಭಾವನದು ಬೇರೆ ಥರ. ಬ್ಯಾಂಕು ಇನ್ನೊಂದು ಬ್ಯಾಂಕಿನಲ್ಲಿ ವಿಲೀನ ಆದಾಗ ಒಂದೇ ಲೋನು ಹಳೇ ನಂಬರಿನಲ್ಲೂ ಹೊಸ ನಂಬರಿನಲ್ಲೂ ಎರಡು ಸಲ ಬಂದಿದೆ. ಹೊಸದನ್ನು ತೀರಿಸಿದ್ದಾರೆ, ಹಳೇದು ಹಾಗೇ ಬಾಯಿ ತೆರೆದುಕೊಂಡು ಕೂತಿದೆ.

ಬಿಸಿ_ಬಿಸಿ_ವಡೆ

ಮೈಸೂರು ಬ್ಯಾಂಕಾ?

ಪಾಂಡವಪುರ_ಪ್ಯಾಸೆಂಜರ್

ಅಲ್ಲಪ್ಪ, ಅದಲ್ಲ. ಬೇರೆ.

ನಿವೃತ್ತ_ಕ್ಯಾಷಿಯರ್

ಮೈಸೂರು ಬ್ಯಾಂಕ್ ಅಂದಾಕ್ಷಣ ಏನೋ ಆಗುತ್ತದೆ. 1913ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾಗಿದ್ದು, 2017ರ ಏಪ್ರಿಲ್ 1ಕ್ಕೆ ಸ್ಟೇಟ್ ಬ್ಯಾಂಕಿನಲ್ಲಿ ಸೇರಿತು. ನಾನು ಅಲ್ಲಿ ಕೆಲಸ ಮಾಡಿದವನಲ್ಲ, ಆದರೆ ನಮ್ಮ ತಂದೆಯ ಪೆನ್ಷನ್ ಅಲ್ಲೇ ಬರುತ್ತಿತ್ತು. ಕೌಂಟರಿನವರು ಹೆಸರು ಹಿಡಿದು ಕೂಗುತ್ತಿದ್ದರು, ಸ್ಕೋರು ಗೀರು ಯಾರಿಗೆ ಬೇಕಿತ್ತು.

ಹಿನಕಲ್_ಹುಡುಗ

ಪರಿಚಯ ಇಲ್ಲದವರಿಗೆ ಅವಾಗ ಲೋನೇ ಸಿಗುತ್ತಿರಲಿಲ್ಲ, ಅದನ್ನೂ ಹೇಳಿ ಅಂಕಲ್. ನಮ್ಮಪ್ಪ ಆಟೋ ಲೋನಿಗೆ ಯಾರ ಯಾರ ಕೈಕಾಲು ಹಿಡಿದಿದ್ದಾರೆ ಅಂತ ನನಗೆ ಗೊತ್ತು.

ನಿವೃತ್ತ_ಕ್ಯಾಷಿಯರ್

ಅದೂ ನಿಜವೇ. ಒಪ್ಪಿದೆ.

ಮೂವತ್ತು_ನಲವತ್ತು (ದೂರು ಕೊಟ್ಟು 19ನೇ ದಿನ)

ಬ್ಯಾಂಕಿನಿಂದ ಉತ್ತರ ಬಂತು. ಎರಡೇ ಸಾಲು. "ನಿಮ್ಮ ಮನವಿಯನ್ನು ಪರಿಶೀಲಿಸಲಾಗಿದೆ. ನಮ್ಮ ದಾಖಲೆಗಳ ಪ್ರಕಾರ ಮಾಹಿತಿ ಸರಿಯಾಗಿದೆ." ನಾನು ಕಳಿಸಿದ ಇಮೇಲಿನ ಬಗ್ಗೆ ಒಂದಕ್ಷರ ಇಲ್ಲ. ಓದಿದ್ದಾರೋ ಇಲ್ಲವೋ. ಇದೇ ವಾರ ಸೈಟಿನವರು ಎರಡು ಸಲ ಫೋನ್ ಮಾಡಿದರು. ನಿಜ ಹೇಳಬೇಕು ಅಂದರೆ ಕಟ್ಟಿಬಿಡೋಣ ಅನ್ನಿಸುತ್ತಿದೆ.

ಹಿನಕಲ್_ಹುಡುಗ

ಮೊದಲ ದಿನವೇ ಹೇಳಿದ್ದೆ. ಈಗಲೂ ಹೇಳುತ್ತೇನೆ. ಸರಿ ಯಾರು ತಪ್ಪು ಯಾರು ಅನ್ನುವುದು ಬೇರೆ, ಮನೆ ಕಟ್ಟುವುದು ಬೇರೆ.

ನಿವೃತ್ತ_ಕ್ಯಾಷಿಯರ್

ಹಿನಕಲ್ ಹುಡುಗನ ಮಾತು ಪೂರ್ತಿ ತಪ್ಪು ಅಂತ ನಾನು ಹೇಳಲ್ಲ. ಕೈಯಲ್ಲಿ ಪುರಾವೆ ಇಲ್ಲದವರಿಗೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಇವರ ಹತ್ತಿರ ಮೇಲ್ ಇದೆ, ಪಾಸ್‌ಬುಕ್ ಇದೆ. ಈಗ ಕಟ್ಟಿದರೆ ಆ 30, 60, 90 ಎಲ್ಲ ನಿಜ ಅಂತ ನೀವೇ ಸಹಿ ಹಾಕಿದ ಹಾಗೆ.

ಮನವಿ ತಿರಸ್ಕರಿಸಿದರೆ ಯಾಕೆ ಅಂತ ಕಾರಣ ತಿಳಿಸಬೇಕು, ಅದೂ ರಿಸರ್ವ್ ಬ್ಯಾಂಕಿನದ್ದೇ ಆದೇಶ. ಅದನ್ನೇ ಹಿಡಿದು ಬ್ಯಾಂಕಿನಲ್ಲಿ ದೂರು ನೋಡುವ ಮೇಲಧಿಕಾರಿ, ಪ್ರಿನ್ಸಿಪಲ್ ನೋಡಲ್ ಆಫೀಸರಿಗೆ ಬರೆಯಿರಿ. ವಿಳಾಸ ಬ್ಯಾಂಕಿನ ವೆಬ್‌ಸೈಟಿನಲ್ಲಿ ಇರಲೇಬೇಕು, ಹುಡುಕಿದರೆ ಎಲ್ಲೋ ಕೊನೆಯ ಪುಟದ ಕೆಳಗೆ ಸಿಗುತ್ತದೆ. "ರೆಫರೆನ್ಸ್ ನಂಬರ್ ಇಂಥದ್ದಕ್ಕೆ ನಿಮ್ಮ ಉತ್ತರ ಏನು" ಅಂತ ಒಂದೇ ಪ್ರಶ್ನೆ ಕೇಳಿ. ಅದಕ್ಕೂ ಬಗ್ಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್, ಅಂದರೆ ಬ್ಯಾಂಕುಗಳ ಮೇಲಿನ ದೂರು ತೀರ್ಮಾನ ಮಾಡುವ ಅಧಿಕಾರಿ. ಸಿಎಂಎಸ್ ಅನ್ನುವ ರಿಸರ್ವ್ ಬ್ಯಾಂಕಿನ ದೂರಿನ ಪೋರ್ಟಲಿನಲ್ಲಿ ದೂರು ಹಾಕಬಹುದು, ಫೀಸಿಲ್ಲ, ವಕೀಲರು ಬೇಡ. ತಿಳಿಯದಿದ್ದರೆ 14448ಕ್ಕೆ ಫೋನ್ ಮಾಡಿ. 2022ರ ಸೆಪ್ಟೆಂಬರ್‌ನಿಂದ ಈ ಕ್ರೆಡಿಟ್ ಕಂಪನಿಗಳ ಮೇಲೂ ಅಲ್ಲಿ ದೂರು ಕೊಡಬಹುದು. ಆದರೆ ಮೊದಲು ಬ್ಯಾಂಕಿಗೋ ಕಂಪನಿಗೋ ಬರೆದಿರಬೇಕು, ನೇರ ಅಲ್ಲಿಗೆ ಹೋದರೆ ತಗೊಳ್ಳಲ್ಲ.

ಮಲ್ಲಿಗೆ_ಮೊಳ

ಸೈಟಿನವರಿಗೆ ನಿಮ್ಮ ದೂರಿನ ಕಾಪಿ ತೋರಿಸಿ ಹದಿನೈದು ದಿನ ಕೇಳಿ. ಲೋನ್ ಮ್ಯಾನೇಜರಿಗೂ ಒಂದು ಕಾಪಿ ಕೊಟ್ಟಿರಿ. ಫೈಲು ಜೀವಂತ ಇರಲಿ.

ಕಬ್ಬಿನ_ಜಲ್ಲೆ

ನನ್ನ ಅಪ್‌ಡೇಟು. ಒಡವೆ ಸಾಲ ನನ್ನ ಹೆಸರಿನಿಂದ ಹೋಯಿತು, 23ನೇ ದಿನಕ್ಕೆ. ಪ್ಯಾನ್ ಬೇರೆ ಅಂತ ಒಂದೇ ಮಾತಿಗೆ ಒಪ್ಪಿಕೊಂಡರು. ಕಾಗದದ ಮೇಲೆ ಮಾತ್ರ ಚೆನ್ನಾಗಿರುತ್ತದೆ ಅಂದಿದ್ದೆ, ವಾಪಸ್ ತಗೊಂಡೆ ಸಾರ್. ಟ್ರ್ಯಾಕ್ಟರ್ ಹಾಗೇ ಇದೆ. ಚಿಕ್ಕಪ್ಪನ ಮಗ ಫೋನ್ ತೆಗೆಯುತ್ತಿಲ್ಲ.

ಬಿಸಿ_ಬಿಸಿ_ವಡೆ

ಯುಗಾದಿಗೆ ಬರಲ್ಲ ಬಿಡಿ.

ಮೂವತ್ತು_ನಲವತ್ತು (34ನೇ ದಿನ)

ನೋಡಲ್ ಆಫೀಸರಿಗೆ ಬರೆದ ಮೇಲೆ ಬೇರೆ ದನಿ. ಒಬ್ಬರು ಹೆಣ್ಣುಮಗಳು ಫೋನ್ ಮಾಡಿ, ಮೇಲ್ ಕಳಿಸಿ ಸಾರ್ ಅಂತ ಮತ್ತೆ ತರಿಸಿಕೊಂಡರು. ಇವತ್ತು ಪತ್ರ ಬಂದಿದೆ: ಬಾಕಿ ರದ್ದು, ಖಾತೆ ಮುಚ್ಚಲಾಗಿದೆ, ಕ್ರೆಡಿಟ್ ಕಂಪನಿಗಳಿಗೆ ತಿಳಿಸಲಾಗಿದೆ. ಕ್ಷಮೆ ಅಂತ ಎಲ್ಲೂ ಇಲ್ಲ, ‘ವಿಶೇಷ ಪ್ರಕರಣವಾಗಿ’ ಅಂತ ಇದೆ. ನಮ್ಮ ಮೇಲೆ ಉಪಕಾರ ಮಾಡಿದ ಹಾಗೆ.

ಎರಡು ರಿಪೋರ್ಟಿನಲ್ಲಿ ಈಗ ಕ್ಲೋಸ್ಡ್, ಬಾಕಿ ಸೊನ್ನೆ, ಚೌಕಗಳೂ ಖಾಲಿ. ಮೂರನೆಯದರಲ್ಲಿ ಕ್ಲೋಸ್ಡ್ ಅಂತ ಆಗಿದೆ, ಆದರೆ 60, 90 ಹಾಗೇ ಇದೆ. ಮಲ್ಲಿಗೆಯವರು ಹೇಳಿದ್ದೇ ಆಯಿತು. ಅದಕ್ಕೆ ಮತ್ತೆ ಬರೆದಿದ್ದೇನೆ. ಮ್ಯಾನೇಜರ್ ಪತ್ರ ನೋಡಿ, ಹೊಸ ರಿಪೋರ್ಟ್ ತೆಗೆದು ಫೈಲು ಮುಂದಕ್ಕೆ ಕಳಿಸುತ್ತೇನೆ ಅಂದರು. ಹೊಸ ಸ್ಕೋರು ಎಷ್ಟಾಗಿದೆ ಅಂತ ಅವರು ನೋಡಿ ಹೇಳಬೇಕು.

ನಿವೃತ್ತ_ಕ್ಯಾಷಿಯರ್

ಒಳ್ಳೆಯದಾಯಿತು ತಮ್ಮ. 30 ಕಳೆದು ನಾಲ್ಕು ದಿನ, 400 ರೂಪಾಯಿ ಬರಬೇಕು. ಇತ್ಯರ್ಥ ಆದ ಐದು ಕೆಲಸದ ದಿನದಲ್ಲಿ ಹಾಕಬೇಕು. ಮೂರನೆಯದಕ್ಕೆ ಇನ್ನೂ ದಿನ ಓಡುತ್ತಿದೆ, ಅದನ್ನು ಮುಗಿಯಿತು ಅಂತ ಒಪ್ಪಿಕೊಳ್ಳಬೇಡಿ.

ಹಿನಕಲ್_ಹುಡುಗ

34 ದಿನ, ಅಟ್ಟ, ಬಿಸ್ಕತ್ ಡಬ್ಬ, 400 ರೂಪಾಯಿ. ನಾನಾಗಿದ್ದರೆ ಕಟ್ಟುತ್ತಿದ್ದೆ. ಆದರೂ ಕಂಗ್ರಾಟ್ಸ್ ಗುರು, ಗೃಹಪ್ರವೇಶಕ್ಕೆ ಕರೆಯಿರಿ.

ಮೂವತ್ತು_ನಲವತ್ತು

ಖಂಡಿತ. ಅಂದಹಾಗೆ, ಈಗ ಹತ್ತು ನಿಮಿಷದ ಹಿಂದೆ ಅದೇ ರಿಕವರಿಯವನು ಫೋನ್ ಮಾಡಿದ್ದ. "ಸಾರ್, ನಿಮಗೋಸ್ಕರ ಮೇಲಿನವರ ಹತ್ತಿರ ಮಾತಾಡಿದೀನಿ, ಇವತ್ತು ಒಂದು ದಿನ ಮಾತ್ರ, 1,500ಕ್ಕೆ ಮುಗಿಸಿಬಿಡಿ."

ಮಲ್ಲಿಗೆ_ಮೊಳ

ಬ್ಯಾಂಕಿನ ಲೆಟರ್‌ಹೆಡ್ಡಿನಲ್ಲಿ ಬರೆದು ಕಳಿಸಿ ಅನ್ನಿ. ಫೋನ್ ಇಡುತ್ತಾನೆ.